ಅಗಲವಾದ ಹೊಗೆಕೊಳವೆ ಚೆನ್ನಾಗಿ ಎಳೆಯುತ್ತದೆಯೇ?

ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದಂಥ ಕಡೆಗಳಲ್ಲಿ ಗ್ಯಾಸ್ ಬಂದ ಮೇಲೂ ಮುದ್ದೆಯ ಎಸರಿಗೆ, ಬಚ್ಚಲ ಹಂಡೆಗೆ ಸೌದೆ ಒಲೆಯನ್ನೇ ನೆಚ್ಚುವ ಮನೆಗಳಿವೆ. ಹೊಸ ಮನೆ ಕಟ್ಟುವಾಗ ಒಲೆಯ ಮೇಲೊಂದು ಕೊಳವೆ ನಿಲ್ಲಿಸಿದರೆ ಹೊಗೆ ತಾನಾಗಿ ಹೋಗುತ್ತದೆ, ಕೊಳವೆ ಅಗಲವಾದಷ್ಟೂ ಒಳ್ಳೆಯದು ಎಂಬ ನಂಬಿಕೆಯೂ ವ್ಯಾಪಕವಾಗಿದೆ. ವಾಸ್ತವದಲ್ಲಿ ಹೊಗೆಯನ್ನು ಮೇಲಕ್ಕೆ ಸೆಳೆಯುವ ಬಲ, ಅಂದರೆ ಎಳೆತ, ಹುಟ್ಟುವುದು ಕೊಳವೆಯೊಳಗಿನ ಬಿಸಿ ಅನಿಲ ಹೊರಗಿನ ಗಾಳಿಗಿಂತ ಹಗುರವಾಗಿರುವುದರಿಂದ. ಆ ಬಲವನ್ನು ನಿರ್ಧರಿಸುವುದು ಕೊಳವೆಯ ಎತ್ತರ ಮತ್ತು ಒಳಹೊರಗಿನ ಉಷ್ಣತೆಯ ಅಂತರ. ಕೊಳವೆ ತೀರಾ ಕಿರಿದಾದರೆ ಹೊಗೆ ಅಡುಗೆಮನೆಗೇ ಮರಳುತ್ತದೆ ಎಂಬುದು ನಿಜ. ಆದರೆ ಅತಿ ಅಗಲವಾದರೆ ಅನಿಲ ನಿಧಾನವಾಗಿ ಏರುತ್ತಾ ದಾರಿಯಲ್ಲೇ ತಣಿದು, ಡಾಂಬರಿನಂಥ ಅಂಟುಮಸಿಯನ್ನು ಗೋಡೆಗೆ ಮೆತ್ತಿ, ಎಳೆತವನ್ನೇ ಕುಗ್ಗಿಸುತ್ತದೆ. ಈ ಮಸಿಗೆ ಕಿಡಿ ತಗುಲಿ ಬೆಂಕಿ ಹೊತ್ತುವುದೂ ಉಂಟು. ಯುರೋಪಿನಲ್ಲಿ ಕೌಂಟ್ ರಮ್‌ಫರ್ಡ್ 1796ರಷ್ಟು ಹಿಂದೆಯೇ ಅಗ್ಗಿಷ್ಟಿಕೆಯ ಗಂಟಲನ್ನು ಕಿರಿದುಗೊಳಿಸಿ ಹೊಗೆಯನ್ನು ಹತೋಟಿಗೆ ತರುವ ವಿಧಾನವನ್ನು ವಿವರಿಸಿದ್ದನು.

ಕೊಳವೆಯಿಟ್ಟರೆ ಶಾಖವೆಲ್ಲ ಮೇಲೆ ಹಾರಿಹೋಗಿ ಸೌದೆ ಹೆಚ್ಚು ಉರಿಯುತ್ತದೆ ಎಂಬ ಅಂಜಿಕೆಗೆ ಉತ್ತರ ನೆರೆಯ ಕುಣಿಗಲ್ ತಾಲ್ಲೂಕಿನ ನಂಟಿರುವ ಕೆಲಸದಲ್ಲೇ ಸಿಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ, ಉಂಗ್ರ ಗ್ರಾಮದಲ್ಲಿ ಕ್ಷೇತ್ರ ಕೇಂದ್ರವನ್ನು ಹೊಂದಿದ್ದ 'ಅಸ್ತ್ರ' ತಂಡ ರೂಪಿಸಿದ ಮೂರು ಪಾತ್ರೆಗಳ ಒಲೆಯಲ್ಲಿ, ಸೌದೆಯ ಅಡಿಯ ಕಬ್ಬಿಣದ ಜಾಲರಿಯ ಮೂಲಕ ಗಾಳಿ ಒಳಬಂದು, ಬಿಸಿ ಅನಿಲ ಎರಡನೆಯ ಹಾಗೂ ಮೂರನೆಯ ಪಾತ್ರೆಗಳ ತಳವನ್ನು ಸವರಿಕೊಂಡು ಹೋಗಿ ಕಡೆಗೆ ಕೊಳವೆಯನ್ನು ಸೇರುತ್ತದೆ. ಹಳೆಯ ಒಲೆಗಳ ದಕ್ಷತೆ, ಅಂದರೆ ಸೌದೆಯ ಶಾಖದಲ್ಲಿ ಪಾತ್ರೆಗೆ ದಕ್ಕುವ ಪಾಲು, ಸಾಮಾನ್ಯವಾಗಿ ಶೇ. 10ರ ಆಸುಪಾಸಿನಲ್ಲಿದ್ದರೆ, ಈ ಒಲೆಯದು ಪ್ರಯೋಗಾಲಯದಲ್ಲಿ ಶೇ. 30ನ್ನು ಮೀರಿತು. ಆದರೆ ಪಾತ್ರೆಗಳು ಕುಳಿಗಳಲ್ಲಿ ಬಿಗಿಯಾಗಿ ಕೂರಬೇಕು, ಸೌದೆಯನ್ನು ಸಣ್ಣಗೆ ಸೀಳಬೇಕು. ಒಂದು ಕುಳಿ ಬರಿದಾಗಿದ್ದರೂ ಅಲ್ಲಿಂದ ತಣ್ಣನೆಯ ಗಾಳಿ ನುಗ್ಗಿ ಎಳೆತ ಕೆಡುತ್ತದೆ. ಆದ್ದರಿಂದ ದಿನವೂ ಎಷ್ಟು ಪಾತ್ರೆ ಇಡುತ್ತಾರೆಂಬುದನ್ನು ಅಡುಗೆ ಮಾಡುವ ಹೆಣ್ಣುಮಕ್ಕಳಿಂದಲೇ ಕೇಳಿ ತಿಳಿಯದೆ ಗಾರೆಯವರು ಅಳತೆ ಹಾಕುವುದು ಸರಿಯಲ್ಲ.

ಹಸಿ ಸೌದೆ ನಿಧಾನವಾಗಿ ಉರಿಯುವುದರಿಂದ ಉಳಿತಾಯವೆಂಬುದೂ ತಪ್ಪು. ಆಗತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ ಇರಬಹುದು. ಕುದಿಯುತ್ತಿರುವ ಒಂದು ಲೀಟರ್ ನೀರನ್ನು ಪೂರ್ತಿ ಆವಿಯಾಗಿಸುವ ಶಾಖದಲ್ಲಿ ಸುಮಾರು ಏಳು ಲೀಟರ್ ತಣ್ಣೀರನ್ನು ಕುದಿಗೆ ತರಬಹುದು. ಹೊಗೆ ಅಟ್ಟದ ಗಳುಗಳಿಗೆ ಹುಳು ಹಿಡಿಯದಂತೆ ಕಾಯುತ್ತದೆ ಎಂಬುದರಲ್ಲಿ ಸತ್ಯಾಂಶವಿದೆ, ಆದರೆ ಅದರ ಬೆಲೆಯನ್ನು ತೆರುವುದು ಒಲೆಯ ಮುಂದೆ ಕೂತವರ ಶ್ವಾಸಕೋಶ.

ಕೊಳವೆಯ ಬಾಯಿ ಸೂರಿನ ಕೆಳಗೆ ನಿಂತರೆ ಗಾಳಿ ಹೊಗೆಯನ್ನು ಹಿಂದಕ್ಕೆ ತಳ್ಳುವುದರಿಂದ ಅದು ಮಾಡಿನ ನೆತ್ತಿಗಿಂತ ಕನಿಷ್ಠ 2 ಅಡಿ ಮೇಲಿರಬೇಕು. ತಿರುವು ಅನಿವಾರ್ಯವಾದರೆ ಓರೆಯಾಗಿರಬೇಕು, ಮರದ ತೊಲೆಗೆ ತಾಗಬಾರದು, ಬುಡದಲ್ಲಿ ಮಸಿ ತೆಗೆಯುವ ಬಾಗಿಲು ಇರಬೇಕು. ಹಿಂದೆ ಬಳಕೆಯಲ್ಲಿದ್ದ ಆಸ್ಬೆಸ್ಟಾಸ್ ಕೊಳವೆಯನ್ನು ಗರಗಸದಿಂದ ಕೊಯ್ಯಬಾರದು, ಅದರ ನಾರಿನ ಧೂಳು ಕ್ಯಾನ್ಸರ್‌ಕಾರಕ.

ಎಲ್ಲಕ್ಕಿಂತ ಅಪಾಯಕಾರಿಯಾದುದು ಹೊಗೆ ಕಾಣದಿದ್ದರೆ ಭಯವಿಲ್ಲ ಎಂಬ ಭಾವನೆ. ಬಚ್ಚಲ ಒಲೆಯಲ್ಲಿ ನಿಗಿನಿಗಿ ಕೆಂಡ ಉಳಿದಿರುವಾಗ ಹೊಮ್ಮುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತ ಆಮ್ಲಜನಕವನ್ನು ಹೊರದಂತೆ ತಡೆಯುವ ಈ ಅನಿಲ ಮುಚ್ಚಿದ ಕೋಣೆಯಲ್ಲಿ ಪ್ರಾಣವನ್ನೇ ತೆಗೆಯಬಲ್ಲದು. ಕೆಂಡ ಪೂರ್ತಿ ಆರುವವರೆಗೆ ಕೊಳವೆಯ ಬಾಯಿ ಮುಚ್ಚಬಾರದು, ಬಚ್ಚಲಿಗೆ ಹೊರಗಾಳಿ ಬರುವ ಕಿಂಡಿಯನ್ನು ಗೋಡೆ ಎಬ್ಬಿಸುವಾಗಲೇ ಬಿಡಬೇಕು.