ದವಡೆಯ ಬಿಗಿತ ಮತ್ತು ವಿಷದ ಮದ್ದು

ಕೆನ್ನೆಯ ಎಲುಬಿನಿಂದ ಹೊರಟು ಕೆಳದವಡೆಯ ಕೋನದವರೆಗೆ ಹಬ್ಬಿರುವ ಚರ್ವಣಪೇಶಿಯು ಗಾತ್ರದಲ್ಲಿ ಕಿರಿದಾದರೂ ಬಲದಲ್ಲಿ ಶರೀರದ ಪ್ರಬಲ ಪೇಶಿಗಳ ಪಂಕ್ತಿಗೆ ಸೇರತಕ್ಕದ್ದು. ಹಗಲೆಲ್ಲ ಅನ್ನವನ್ನೂ ಅಡಕೆಯನ್ನೂ ಅರೆದ ಈ ಪೇಶಿಯು ನಿದ್ರೆಯಲ್ಲಿಯೂ ವಿಶ್ರಾಂತಿಯನ್ನು ಹೊಂದದೆ, ಮತ್ತೆ ಮತ್ತೆ ಸಂಕೋಚಗೊಂಡು ಹಲ್ಲಿಗೆ ಹಲ್ಲನ್ನು ತಿಕ್ಕಿಸತೊಡಗಿತೆಂದರೆ, ದಂತಕವಚವು ಸವೆಯುತ್ತದೆ, ತಣ್ಣೀರು ತಾಗಿದರೆ ಹಲ್ಲು ಜುಮ್ಮೆನ್ನುತ್ತದೆ, ಬೆಳಗ್ಗೆ ಏಳುವಾಗ ಕಣತಲೆ ನೋಯುತ್ತದೆ. ನಿದ್ರೆಯಲ್ಲಿ ಹಲ್ಲು ಕಡಿಯುವ ಮಗುವಿನ ಹೊಟ್ಟೆಯಲ್ಲಿ ಹುಳುವಿದೆಯೆಂದು ಹೇಳುವ ವಾಡಿಕೆ ನಮ್ಮ ಮನೆಗಳಲ್ಲಿ ಇನ್ನೂ ಉಂಟು. ವೈದ್ಯಶಾಸ್ತ್ರವಾದರೋ ನಿದ್ರೆಯ ನಡುವೆ ಮೆದುಳು ಕ್ಷಣಕಾಲ ಎಚ್ಚರಗೊಳ್ಳುವುದನ್ನೂ, ಮನಸ್ಸಿನ ಉದ್ವೇಗವನ್ನೂ, ಮದ್ಯ, ತಂಬಾಕು, ಅತಿಯಾದ ಕಾಫಿಯನ್ನೂ, ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳನ್ನೂ ಕಾರಣವಾಗಿ ಎಣಿಸುತ್ತದೆ.

ಈ ಪೇಶಿಯನ್ನು ಸಡಿಲಿಸಲು ಇಂದು ಬಳಸುವ ಚುಚ್ಚುಮದ್ದು ಮೂಲತಃ ಒಂದು ಘೋರವಿಷ. ಕೆಟ್ಟ ಮಾಂಸವನ್ನು ತಿಂದವರು ರೆಪ್ಪೆ ಜೋತು, ನುಂಗಲಾರದೆ, ಕಡೆಗೆ ಉಸಿರು ಕಟ್ಟಿ ಸಾಯುತ್ತಿದ್ದುದನ್ನು ಸೂಕ್ಷ್ಮವಾಗಿ ವರ್ಣಿಸಿದ ಜರ್ಮನಿಯ ವೈದ್ಯನೂ ಕವಿಯೂ ಆದ ಯುಸ್ಟಿನುಸ್ ಕೆರ್ನರ್, ನರಗಳ ಅತಿಚಟುವಟಿಕೆಯಿಂದ ಹುಟ್ಟುವ ರೋಗಗಳಿಗೆ ಇದೇ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಔಷಧವಾಗಿ ಬಳಸಬಹುದೆಂದು 1822ರಷ್ಟು ಹಿಂದೆಯೇ ಊಹಿಸಿದ್ದನು. ವಿಷವನ್ನು ಹುಟ್ಟಿಸುವ ಸೂಕ್ಷ್ಮಜೀವಿಯನ್ನು 1895ರಲ್ಲಿ ಬೆಲ್ಜಿಯಮ್ಮಿನ ಒಂದು ಹಳ್ಳಿಯಲ್ಲಿ ಹಂದಿಮಾಂಸ ತಿಂದು ವಾದ್ಯಗಾರರು ಅಸ್ವಸ್ಥರಾದ ಪ್ರಕರಣದಿಂದ ಸೂಕ್ಷ್ಮಜೀವಿಶಾಸ್ತ್ರಜ್ಞ ಫಾನ್ ಎರ್ಮೆಂಗೆಮ್ ಬೇರ್ಪಡಿಸಿದನು. ಬಹುಕಾಲದ ತರುವಾಯ ಸ್ಯಾನ್ ಫ್ರಾನ್ಸಿಸ್ಕೋದ ನೇತ್ರವೈದ್ಯ ಆಲನ್ ಸ್ಕಾಟ್ ಆ ವಿಷವನ್ನು ಮೆಳ್ಳೆಗಣ್ಣಿನ ಚಿಕಿತ್ಸೆಗೆ ಪ್ರಯೋಗಿಸಿದನು. 1989ರಲ್ಲಿ ಅಮೆರಿಕದ ಅನುಮತಿ ದೊರೆತ ಮೇಲೆ, ಬೋಟುಲಿನಂ ಟಾಕ್ಸಿನ್ ಎಂಬ ಈ ವಿಷವು ಲೋಕದ ಔಷಧಾಲಯವನ್ನು ಪ್ರವೇಶಿಸಿತು.

ಇದರ ಕಾರ್ಯ ಸರಳ. ನರದ ತುದಿಯು ಅಸೆಟೈಲ್‌ಕೋಲೀನ್ ಎಂಬ ರಾಸಾಯನಿಕವನ್ನು ಸ್ರವಿಸಿದಾಗ ಪೇಶಿಯು ಸಂಕುಚಿತವಾಗುತ್ತದೆ. ಮದ್ದು ಆ ಸ್ರಾವವನ್ನೇ ತಡೆಯುತ್ತದೆ. ಕೆಲವು ದಿನಗಳಲ್ಲಿ ಬಿಗಿತ ಇಳಿಯತೊಡಗಿ, ಮೂರು ನಾಲ್ಕು ತಿಂಗಳ ಬಳಿಕ ನರಾಗ್ರವು ಚೇತರಿಸಿಕೊಂಡು ಮೊದಲಿನ ಸ್ಥಿತಿಗೆ ಮರಳುತ್ತದೆ. ಗಮನಿಸತಕ್ಕ ಸಂಗತಿಯೆಂದರೆ, ಹಲ್ಲು ಕಡಿಯುವಂತೆ ಮೆದುಳು ಕಳುಹಿಸುವ ಆದೇಶವನ್ನು ಈ ಮದ್ದು ನಿಲ್ಲಿಸುವುದಿಲ್ಲ. ಕಡಿತದ ಬಲವನ್ನು ಮಾತ್ರ ಕುಗ್ಗಿಸುತ್ತದೆ. ಆದುದರಿಂದ ನೋವಿನಿಂದ ಬಳಲುವವರಿಗೆ ಇದು ನಿಜವಾದ ಉಪಶಮನವಾದರೂ, ರಾತ್ರಿ ಹಲ್ಲಿಗೆ ತೊಡುವ ಗಾರ್ಡನ್ನೂ ನಿದ್ರೆಯ ಪರೀಕ್ಷೆಯನ್ನೂ ಬದಿಗೊತ್ತಿ ಮೊದಲಿಗೇ ಸೂಜಿಯನ್ನು ಹಿಡಿಯುವುದು ನನ್ನ ದೃಷ್ಟಿಯಲ್ಲಿ ಯುಕ್ತವಲ್ಲ. ಹಲ್ಲುಕಡಿತಕ್ಕೆಂದೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇದಕ್ಕೆ ಮನ್ನಣೆ ನೀಡಿಲ್ಲವೆಂಬುದನ್ನೂ ರೋಗಿಗೆ ತಿಳಿಸತಕ್ಕದ್ದು.

ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ವೈದ್ಯನಾಥೇಶ್ವರನ ಸನ್ನಿಧಿಯಿರುವ ಕೊಕ್ಕಡವೂ ಅದರ ಸುತ್ತಲಿನ ಬೆಳ್ತಂಗಡಿ ಸೀಮೆಯೂ ಅಡಕೆಯ ನಾಡು. ಆ ಕಾರಣ ಇಲ್ಲಿ ಇನ್ನೊಂದು ವಿವೇಚನೆ ಅವಶ್ಯ. ಬಾಯಿ ತೆರೆಯಲಾಗದೆ ಬರುವವರೆಲ್ಲರ ದವಡೆಯೂ ಪೇಶಿಯ ಸೆಳೆತದಿಂದಲೇ ಬಿಗಿದಿರುವುದಿಲ್ಲ. ಬಹುಕಾಲ ಅಡಕೆ ಜಗಿದವರ ಕೆನ್ನೆಯ ಒಳಪದರವು ನಾರುಗಟ್ಟಿ ಬಿಳಿಚಿಕೊಂಡು, ಖಾರ ತಾಗಿದರೆ ಉರಿಯುವಂತಾಗಿ, ಬಾಯಿ ಕ್ರಮೇಣ ಕಿರಿದಾಗುವುದುಂಟು. ಆ ರೋಗವು ಕ್ಯಾನ್ಸರಿಗೆ ತಿರುಗಬಲ್ಲದು. ಪೇಶಿಯನ್ನು ಸಡಿಲಿಸುವ ಮದ್ದು ಅದಕ್ಕೆ ಪರಿಹಾರವಲ್ಲ, ಅಡಕೆಯನ್ನು ಬಿಟ್ಟು ತಡಮಾಡದೆ ತಜ್ಞರಿಗೆ ಬಾಯಿ ತೋರಿಸುವುದೇ ಮೊದಲ ಹೆಜ್ಜೆ.

ಕೊಕ್ಕಡದ ಹೆಸರು ನಾಡಿಗೆ ತಿಳಿದದ್ದು ಮತ್ತೊಂದು ದುಃಖದಿಂದ. ಸರಕಾರಿ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ವರುಷಾನುವರುಷ ಎಂಡೋಸಲ್ಫಾನ್ ಸಿಂಪಡಿಸಿದ ತರುವಾಯ, ಸಂತ್ರಸ್ತರೆಂದು ಗುರುತಿಸಲ್ಪಟ್ಟ ಮಕ್ಕಳ ಪಾಲನೆಗಾಗಿ ಇಲ್ಲಿ ಕೇಂದ್ರವೊಂದು ತೆರೆಯಿತು. 2011ರಲ್ಲಿ ಸುಪ್ರೀಂ ಕೋರ್ಟು ಆ ಕೀಟನಾಶಕವನ್ನು ದೇಶದಲ್ಲೆಲ್ಲ ನಿಷೇಧಿಸಿತು. ಆ ಸಂತ್ರಸ್ತರಲ್ಲಿ ಕೆಲವರಂತೆ ಮೆದುಳಿನ ದೋಷದಿಂದ ಕೈಕಾಲು ಸೆಟೆದಿರುವ ಮಕ್ಕಳಲ್ಲಿ, ಕಾರಣ ಯಾವುದೇ ಆಗಿರಲಿ, ಹಲ್ಲುಕಡಿತವು ಹೆಚ್ಚಾಗಿ ಕಂಡುಬರುತ್ತದೆ. ನೋವನ್ನು ಬಾಯಿಬಿಟ್ಟು ಹೇಳಲಾರದ, ಗಾರ್ಡ್ ತೊಡಿಸಿದರೆ ಉಗುಳಿಬಿಡುವ ಇಂತಹ ಮಗುವಿಗೆ ಚುಚ್ಚುಮದ್ದು ಆಸರೆಯಾದೀತು. ಆದರೆ ಔಷಧವು ನೆರೆಯ ಪೇಶಿಗಳಿಗೆ ಹಬ್ಬಿದರೆ ನುಂಗುವಿಕೆಗೂ ಉಸಿರಾಟಕ್ಕೂ ತೊಡಕಾಗುವ ಅಪಾಯವು ಹೆಚ್ಚಾಗಿರುವುದು ಈ ಮಕ್ಕಳಿಗೇ. ಮೊದಲೇ ಗಂಜಿ ನುಂಗಲು ಕಷ್ಟಪಡುವ ಮಗುವಿಗೆ ಇದನ್ನು ಕೊಡುವ ಮುನ್ನ ಮಕ್ಕಳ ನರರೋಗತಜ್ಞರೂ ದಂತವೈದ್ಯರೂ ಕೂಡಿ ನಿರ್ಣಯಿಸಬೇಕು.

ಅಂತಹ ತಜ್ಞರು ದೊರೆಯುವುದು ಬಹುಮಟ್ಟಿಗೆ ಮಂಗಳೂರಿನಲ್ಲಿ, ದೇರಳಕಟ್ಟೆಯಲ್ಲಿ, ಮಣಿಪಾಲದಲ್ಲಿ. ಮದ್ದಿನ ಗುಣ ಮೂರು ನಾಲ್ಕು ತಿಂಗಳಿಗೆ ತೀರುವುದರಿಂದ ತಾಯಿಯು ಸೆಟೆದ ಮಗುವನ್ನು ಎತ್ತಿಕೊಂಡು ವರುಷಕ್ಕೆ ಮೂರು ನಾಲ್ಕು ಬಾರಿ ಬಸ್ಸು ಹತ್ತಬೇಕಾಗುತ್ತದೆ. ವೈದ್ಯರ ತಂಡವೇ ತಿಂಗಳಿಗೊಮ್ಮೆ ಕೊಕ್ಕಡಕ್ಕೆ ಬಂದು ಮಕ್ಕಳ ಬಾಯಿಯನ್ನೂ ನುಂಗುವಿಕೆಯನ್ನೂ ಪರೀಕ್ಷಿಸಿ, ಯಾವ ಮಗುವಿಗೆ ಮದ್ದು ಬೇಕು, ಯಾವುದಕ್ಕೆ ಬೇಡ ಎಂದು ಇಲ್ಲಿಯೇ ತೀರ್ಮಾನಿಸುವ ಏರ್ಪಾಡಾದರೆ, ಆ ಪ್ರಯಾಣಗಳಲ್ಲಿ ಅನೇಕವು ಉಳಿದಾವು.