ಮದ್ದಿಗೆ ಜಗ್ಗದ ಕಳೆ: ಒಳಗುಟ್ಟೇನು?

"ಕಳೆನಾಶಕಕ್ಕೆ ಮೊದಲಿನ ಪವರ್ ಇಲ್ಲ ಮಾರಾಯ್ರೆ" - ಕೃಷಿಕರು ನಾಲ್ಕು ಮಂದಿ ಸೇರಿದಲ್ಲಿ ಈ ಮಾತು ಕೇಳುತ್ತೇನೆ. ಮದ್ದು ಕಲಬೆರಕೆ ಇರಬಹುದು, ಬಿಟ್ಟ ಕೂಡಲೇ ಮಳೆ ಬಂದಿರಬಹುದು. ಎರಡೂ ಅಲ್ಲವೆಂದಾದರೆ ಕಳೆಯೇ ಬದಲಾಗಿರಬಹುದು.

ನಮ್ಮ ದೇಶಕ್ಕೆ ಈ ಪಾಠ ಸಿಕ್ಕಿದ್ದು ಹರಿಯಾಣ, ಪಂಜಾಬಿನ ಗೋಧಿ ಗದ್ದೆಗಳಲ್ಲಿ. ಅಲ್ಲಿಯ 'ಗುಲ್ಲಿ ಡಂಡಾ' ಹುಲ್ಲು (ಫಲಾರಿಸ್ ಮೈನರ್) ಎಳವೆಯಲ್ಲಿ ಗೋಧಿಯಂತೆಯೇ ಕಾಣುತ್ತದೆ. ಕೈಯಲ್ಲಿ ಕೀಳುವುದು ಕಷ್ಟ. ಹಾಗಾಗಿ ಐಸೊಪ್ರೊಟ್ಯುರಾನ್ ಸಿಂಪಡಣೆ. ಭತ್ತ, ಗೋಧಿ, ಮತ್ತೆ ಭತ್ತ, ಗೋಧಿ. ವರ್ಷ ವರ್ಷವೂ ಅದೇ ಮದ್ದು. 1990ರ ದಶಕದ ಆರಂಭದಲ್ಲಿ ಹುಲ್ಲು ಸಾಯದಾಯಿತು. ಗೋಧಿಯನ್ನು ಹಸಿರಿರುವಾಗಲೇ ಮೇವಿಗೆ ಕೊಯ್ದವರೂ ಇದ್ದಾರೆ.

ಕಲಿಕೆಯಲ್ಲ, ಆಯ್ಕೆ

ಮದ್ದು ತಿಂದು ತಿಂದು ಹುಲ್ಲಿಗೆ ಅಭ್ಯಾಸವಾಯಿತು ಅನ್ನುತ್ತೇವೆ. ಹಾಗಲ್ಲ. ಲಕ್ಷಗಟ್ಟಲೆ ಗಿಡಗಳಲ್ಲಿ ಒಂದೆರಡು ಹುಟ್ಟುವಾಗಲೇ ಬೇರೆ ಇರುತ್ತವೆ. ಉಳಿದವು ಸತ್ತಾಗ ಜಾಗವೆಲ್ಲ ಇವುಗಳ ಬೀಜಕ್ಕೆ. ಬೀಜದ ಅಡಿಕೆಗೆ ನಾವು ತಾಯಿಮರ ಆರಿಸುವುದಿಲ್ಲವೇ? ಸ್ಪ್ರೇಯರ್ ಮಾಡುವುದೂ ಅದನ್ನೇ. ಆರಿಸುವುದು ಮಾತ್ರ ನಮಗೆ ಬೇಡದ್ದನ್ನು!

ಬದುಕುವ ಎರಡು ದಾರಿ

ಒಂದು, ಬೀಗ ಬದಲಿಸುವುದು. ಗಿಡದೊಳಗಿನ ಒಂದು ಎಂಜೈಮಿಗೆ ಮದ್ದು ಕೀಲಿಕೈಯಂತೆ ಹೊಕ್ಕು ಕೂರಬೇಕು. ವಂಶವಾಹಿಯಲ್ಲಿ ಒಂದು ಸಣ್ಣ ವ್ಯತ್ಯಾಸವಾದರೆ ಕೀಲಿ ಹಿಡಿಸುವುದಿಲ್ಲ. ರಾಗಿಯ ಹತ್ತಿರದ ನೆಂಟನಾದ ಎಲ್ಯುಸಿನ್ ಇಂಡಿಕಾ ಹುಲ್ಲು ಮಲೇಷ್ಯಾದಲ್ಲಿ 1997ರಲ್ಲಿ ಗ್ಲೈಫೊಸೇಟನ್ನು ಗೆದ್ದದ್ದು ಹೀಗೆ. ಅಮೆರಿಕದ ಜಾರ್ಜಿಯಾದ, ನಮ್ಮ ಹರಿವೆಯ ಕುಲದ ಕಳೆಯೊಂದರದ್ದು ಇನ್ನೊಂದು ಉಪಾಯ. ಬೀಗ ಅದೇ, ಆದರೆ ಅದರ ವಂಶವಾಹಿಯ ಪ್ರತಿ ನೂರಕ್ಕೂ ಮೇಲೆ ಏರಿದ್ದು 2010ರಲ್ಲಿ ಪ್ರಕಟವಾಯಿತು. ಅಷ್ಟು ಬೀಗಕ್ಕೆ ಕೀಲಿ ಎಲ್ಲಿ ಸಾಕು?

ಇನ್ನೊಂದು, ಜೀರ್ಣಿಸಿಕೊಳ್ಳುವುದು. ಐಸೊಪ್ರೊಟ್ಯುರಾನ್ ಬಿದ್ದರೂ ಗೋಧಿ ಸಾಯುವುದಿಲ್ಲ ಯಾಕೆ? ಸೈಟೊಕ್ರೋಮ್ ಪಿ-450 ಎಂಬ ಎಂಜೈಮುಗಳು ಮದ್ದನ್ನು ಒಡೆದು ನಿರುಪದ್ರವಿ ಮಾಡುತ್ತವೆ. ಗುಲ್ಲಿ ಡಂಡಾ ಕೂಡ ಅದನ್ನೇ ಮಾಡಿತು. ಆ ಎಂಜೈಮುಗಳನ್ನು ತಡೆಯುವ ವಸ್ತು ಬೆರೆಸಿ ಕೊಟ್ಟಾಗ ಹುಲ್ಲಿಗೆ ಮದ್ದು ಪುನಃ ತಾಗಿತು.

ನನಗೆ ಹೆದರಿಕೆ ಈ ಎರಡನೆಯದರದ್ದು. ಒಂದು ವಿಷ ಕರಗಿಸುವ ಗಿಡ, ಎಂದೂ ಕಾಣದ ಬೇರೆ ವಿಷವನ್ನೂ ಕರಗಿಸಬಹುದು. ಹರಿಯಾಣದಲ್ಲಿ 1990ರ ದಶಕದ ಕೊನೆಗೆ ಬಂದ ಹೊಸ ಮದ್ದುಗಳೂ ಹಲವು ಕಡೆ ಸೋತಿವೆ. ಬಾಟ್ಲಿ ಬದಲಿಸಿದರೆ ಸಾಲದು, ಕ್ರಮ ಬದಲಿಸಬೇಕು.

ಮಾಡುವುದೇನು?

ಅಲ್ಲಿಯವರು ಭತ್ತ ಕೊಯ್ದ ಗದ್ದೆಯಲ್ಲಿ ಉಳದೆಯೇ ಬೇಗ ಗೋಧಿ ಬಿತ್ತಿ ಹುಲ್ಲು ತಗ್ಗಿಸಿದರು. ನಡುವೆ ಬರ್ಸೀಮ್ ಮೇವು ಬೆಳೆದವರಿಗೂ ಲಾಭವಾಯಿತು. ನಮ್ಮ ತೋಟಗಳಿಗೆ ನಾನು ಹೇಳುವುದಿಷ್ಟು. ಸಿಂಪಡಿಸಿ ಎರಡು ಮೂರು ವಾರ ಕಳೆದ ಮೇಲೆ ಒಂದು ಸುತ್ತು ಬನ್ನಿ. ಒಂದೇ ಜಾತಿಯ ಕಳೆಯಲ್ಲಿ ಒಂದು ಸತ್ತು, ಪಕ್ಕದ್ದು ಹಸಿರಾಗಿದ್ದರೆ ಸಂಶಯಪಡಿ. ಹೂ ಬಿಡುವ ಮೊದಲೇ ಬೇರುಸಹಿತ ಕಿತ್ತು ಹಾಕಿ. ಖರ್ಚು ಉಳಿಸಲೆಂದು ಪ್ರಮಾಣ ಇಳಿಸಬೇಡಿ. ಅರೆಬರೆ ತಾಳಿಕೊಳ್ಳುವ ಗಿಡಗಳೂ ಉಳಿದು ಬೀಜ ಮಾಡುತ್ತವೆ. ಹುಲ್ಲು ಹೆರೆಯುವ ಯಂತ್ರ, ಸೊಪ್ಪಿನ ಹೊದಿಕೆ ಇರುವಲ್ಲಿ ಮದ್ದಿನ ಸರದಿಯೇ ಕಡಿಮೆ. ಹತ್ತು ನಿಮಿಷದಲ್ಲಿ ಕೀಳಬಹುದಾದ ನಾಲ್ಕು ಗಿಡ ಬೀಜ ಉದುರಿಸಿದರೆ, ಮತ್ತೆ ಅದು ವರ್ಷಗಟ್ಟಲೆಯ ಕೆಲಸ.