ಭಾನುವಾರದ ಹುಡುಗರೂ, ಬಲಮುರಿಯ ಹೊಳೆಯೂ

ಹಗ್ಗ, ಚಾಪೆ, ಪ್ಲಾಸ್ಟಿಕ್ ಕೊಡ, ಕ್ಯಾನು ಮಾರುವ ಅಂಗಡಿ. ಗಲ್ಲಾದ ಹಿಂದೆ ಯಜಮಾನರು. ಏಣಿ ಹತ್ತಿ ಅಟ್ಟದಿಂದ ಮಾಲು ಇಳಿಸುವವನು ಇಪ್ಪತ್ತೊಂದರ ಹುಡುಗ. ಹೆಸರು ಬೇಡ. ಮೈಸೂರಿನ ಸಂತೇಪೇಟೆಯಿಂದ ಶಿವರಾಂಪೇಟೆವರೆಗೆ ಒಂದು ಸುತ್ತು ಹಾಕಿ ಬಂದರೆ ಇಂಥ ಹುಡುಗರು ಬೀದಿಗೆ ಹತ್ತು ಮಂದಿ ಸಿಗುತ್ತಾರೆ. ಎಲ್ಲರ ಬೇಸಿಗೆಯೂ ಹೆಚ್ಚುಕಡಿಮೆ ಒಂದೇ ಥರ. ಆರು ದಿನ ಅಂಗಡಿ, ಒಂದು ದಿನ ಹೊಳೆ.

ಬೇಸಿಗೆ ಎಂದರೆ ರಜಾ ಎಂದುಕೊಂಡವರು ಶಾಲೆಯ ಮಕ್ಕಳು ಮತ್ತು ಮೇಷ್ಟ್ರುಗಳು. ಅಂಗಡಿ ಹುಡುಗನಿಗೆ ಇದು ಬೆನ್ನು ನೆಟ್ಟಗಾಗದ ಕಾಲ. ಯುಗಾದಿ ಕಳೆಯಿತೋ, ಲಗ್ನದ ಸುಗ್ಗಿ ಶುರು. ಜವಳಿಯವರಿಗೆ ಸೀರೆ, ಪಂಚೆ. ಪಾತ್ರೆಯವರಿಗೆ ಕೊಡಪಾನ, ಬಿಂದಿಗೆ. ಹಗ್ಗದಂಗಡಿಗೆ ಚಪ್ಪರದವರ ಕಾಟ. ಅದು ಮುಗಿಯಿತು ಅನ್ನುವಷ್ಟರಲ್ಲಿ ಶಾಲೆ ಬಾಗಿಲು ತೆರೆಯುವ ಹೊತ್ತು. ನೋಟ್‌ಬುಕ್ಕು, ಬ್ಯಾಗು, ಮಳೆಗಾಲದ ಕೊಡೆ. ತಲೆಯ ಮೇಲಿನ ಫ್ಯಾನು ತಿರುಗುತ್ತದೆ, ಆದರೆ ತಿರುಗಿಸುವುದು ಅದೇ ಬಿಸಿ ಗಾಳಿಯನ್ನು. ಮಧ್ಯಾಹ್ನ ಎರಡಕ್ಕೆ ಮೂಟೆಗಳ ಸಂದಿಯಲ್ಲಿ ಕೂತು ಮೊಸರನ್ನದ ಡಬ್ಬಿ ಬಿಚ್ಚಿದರೆ, ಉಪ್ಪಿನಕಾಯಿ ನಂಚಿಕೊಳ್ಳುವಷ್ಟರಲ್ಲಿ ಗಿರಾಕಿ ಬಂದಿರುತ್ತಾನೆ.

ವಾರಕ್ಕೊಂದು ದಿನ ರಜಾ ಕೊಡಬೇಕು ಎಂದು 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ ಹೇಳುತ್ತದೆ. ಬಹಳಷ್ಟು ಯಜಮಾನರು ಕೊಡುತ್ತಲೂ ಇದ್ದಾರೆ. ಲಗ್ನದ ಸುಗ್ಗಿಯಲ್ಲಿ ಮಾತ್ರ, "ಈ ಒಂದ್ ಭಾನ್ವಾರ ಬಂದ್‌ಬಿಡಪ್ಪಾ" ಎಂಬ ಮಾತು ಬರುತ್ತದೆ. ಒಂದು ಎರಡಾಗುತ್ತದೆ, ಎರಡು ಮೂರಾಗುತ್ತದೆ. ಮೂರು ವಾರದ ಆಸೆಯನ್ನೆಲ್ಲ ಗಂಟು ಕಟ್ಟಿಕೊಂಡು ಹುಡುಗ ನಾಲ್ಕನೇ ಭಾನುವಾರ ಹೊರಡುತ್ತಾನೆ. ಆ ಒಂದು ದಿನದಲ್ಲಿ ಎಲ್ಲವೂ ಆಗಿಬಿಡಬೇಕು. ಈ ಅವಸರವನ್ನು ಯಜಮಾನರು ನೆನಪಿನಲ್ಲಿಟ್ಟರೆ ಮುಂದಿನ ಮಾತು ಅರ್ಥವಾದೀತು.

ಜೊತೆಗೆ ಯಾರು ಯಾರು? ಒಬ್ಬ ಗ್ಯಾರೇಜಿನವನು, ಎರಡು ಬೈಕಿನಲ್ಲಿ ಒಂದು ಅವನದು. ಅದೂ ಯಾರೋ ರಿಪೇರಿಗೆ ಬಿಟ್ಟಿದ್ದು ಎಂದು ಗುಮಾನಿ. ಒಬ್ಬ ಡಿಪ್ಲೊಮಾ ಓದುವವನು. ಇನ್ನೊಬ್ಬ ಮೊಬೈಲಿನಲ್ಲಿ ಆರ್ಡರ್ ಬಂದ ಊಟವನ್ನು ಮನೆ ಮನೆಗೆ ಮುಟ್ಟಿಸುವವನು, ಊರಿನ ಗಲ್ಲಿಗಳೆಲ್ಲ ಅವನಿಗೆ ಬಾಯಿಪಾಠ. ಕೊನೆಯವನು ಪಿಯುಸಿಯಲ್ಲಿ ಒಂದು ಸಬ್ಜೆಕ್ಟ್ ಉಳಿಸಿಕೊಂಡವನು. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆಯ ಪದ್ಧತಿ ಬಂದ ಮೇಲೆ ಇವನ ಬೇಸಿಗೆಗೂ ಕತ್ತರಿ ಬಿತ್ತು. ಮೊದಲಾದರೆ ಫೇಲಾದವನು ನಿಶ್ಚಿಂತೆಯಿಂದ ತಿರುಗುತ್ತಿದ್ದ. ಈಗ ಮನೆಯವರು, "ಮುಂದಿನ ಎಗ್ಜಾಮು ಹತ್ರ ಬಂತಲ್ಲೋ" ಎಂದು ತಿವಿಯುತ್ತಾರೆ.

ಐದು ಜನ, ಎರಡು ಬೈಕು. ಲೆಕ್ಕ ಮಾಡಿದರೆ ಒಂದರ ಮೇಲೆ ಮೂವರು ಕೂರಲೇಬೇಕು. ಕಾನೂನು ಹಿಂದೆ ಒಬ್ಬನಿಗಿಂತ ಹೆಚ್ಚು ಬೇಡ ಎನ್ನುತ್ತದೆ. ಹುಡುಗರು ಗಲ್ಲಿ ಹಿಡಿದು ಪೊಲೀಸರ ಕಣ್ಣು ತಪ್ಪಿಸುತ್ತಾರೆ. ಬೆಂಗಳೂರು ಹೆದ್ದಾರಿಯ ನಡು ರಸ್ತೆಗೆ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಕ್ಕೆ ಪ್ರವೇಶ ಇಲ್ಲದ್ದರಿಂದ ಶ್ರೀರಂಗಪಟ್ಟಣಕ್ಕೆ ಹೋಗಬೇಕಾದರೂ ಪಕ್ಕದ ರಸ್ತೆಯೇ ಗತಿ. ಬಸ್ಸಿನಲ್ಲಿ ಹೋಗಬಾರದೇ ಎಂದರೆ ಅದಕ್ಕೂ ಉತ್ತರ ತಯಾರಿದೆ. ಅದೇ ವರ್ಷದ ಜೂನ್ 11ರಿಂದ ಅಕ್ಕತಂಗಿಯರಿಗೆ, ಅವ್ವಂದಿರಿಗೆ ಟಿಕೆಟ್ಟಿಲ್ಲ. ಗಂಡುಹುಡುಗನಿಗೆ ಟಿಕೆಟ್ಟೂ ಉಂಟು, ಸೀಟು ಸಿಕ್ಕುವ ಭರವಸೆಯೂ ಇಲ್ಲ. ಕೆ.ಆರ್.ಎಸ್. ಬಸ್ಸಿನಲ್ಲಿ ಭಾನುವಾರ ನಿಂತು ಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹೋಗುವುದಾದರೂ ಎಲ್ಲಿಗೆ? ರಂಗನತಿಟ್ಟಿನಲ್ಲಿ ಬೇಸಿಗೆಯಲ್ಲಿ ಹಕ್ಕಿಗಳ ಸಂಸಾರವೇ ನೆರೆದಿರುತ್ತದೆ. 1940ರಲ್ಲಿ ಪಕ್ಷಿಧಾಮವೆಂದು ಸಾರಿದ ಜಾಗ, ಹೊರ ದೇಶದವರೂ ಹುಡುಕಿಕೊಂಡು ಬರುತ್ತಾರೆ. ನಮ್ಮ ಐವರು ಮಾತ್ರ, "ಹಕ್ಕಿ ನೋಡಕ್ಕೆ ದುಡ್ಡಾ ಗುರು?" ಎಂದು ಮುಂದೆ ಹೋಗುತ್ತಾರೆ. ಬೃಂದಾವನದ ಕಾರಂಜಿ ಹೊಸ ಜೋಡಿಗಳಿಗೆ, ಪರಊರಿನವರಿಗೆ. ತಲಕಾಡು ದೂರ. ಮುತ್ತತ್ತಿ ಇನ್ನೂ ದೂರ. ಅಲ್ಲಿಯ ಸುಳಿಯ ಕಥೆ ಕೇಳಿದವರು ಮನೆಯಲ್ಲಿ ಹೆಸರೂ ಎತ್ತುವುದಿಲ್ಲ. ಉಳಿದದ್ದು ಬಲಮುರಿ. ಮೈಸೂರಿನಿಂದ ಇಪ್ಪತ್ತು ಕಿಲೋಮೀಟರಿನ ಒಳಗೆ, ಪಕ್ಕದಲ್ಲೇ ಎಡಮುರಿ. ದಡದಲ್ಲಿ ಬಿಸಿಬಿಸಿ ಮೀನು ಫ್ರೈ, ಉಪ್ಪುಖಾರ ಸವರಿದ ಮಾವಿನಕಾಯಿ. ನೀರಿಗೆ ಕಾಸು ಕೊಡಬೇಕಿಲ್ಲ.

ಮನೆಯಲ್ಲಿ ಅಮ್ಮ, "ಎಲ್ಲಿಗೋ ಸವಾರಿ?" ಎಂದು ಕೇಳಿದರೆ, "ಇಲ್ಲೇ ಕಣಮ್ಮಾ, ಕೆ.ಆರ್.ಎಸ್.ಗೆ" ಎಂಬ ಉತ್ತರ. ಸುಳ್ಳೇನೂ ಅಲ್ಲ. ಆದರೆ ಅಮ್ಮನ ಮನಸ್ಸಿನಲ್ಲಿ ಕೆ.ಆರ್.ಎಸ್. ಎಂದರೆ ಹೂದೋಟ, ದೀಪ, ಕಾರಂಜಿ. ಮಗನ ಮನಸ್ಸಿನಲ್ಲಿರುವುದು ಅದರ ಕೆಳಗಿನ ಹೊಳೆ.

ಈ ಬಲಮುರಿಯನ್ನು ಎಲ್ಲರೂ ಫಾಲ್ಸ್ ಎಂದೇ ಕರೆಯುತ್ತಾರೆ. ಅಸಲಿಗೆ ಅದು ಜಲಪಾತವೇ ಅಲ್ಲ. ಕಾವೇರಿಗೆ ಅಡ್ಡಲಾಗಿ ಹಿಂದಿನವರು ಕಟ್ಟಿದ ಕಟ್ಟೆ. ಹೊಳೆಯ ನೀರನ್ನು ವಿರಿಜಾ ನಾಲೆಗೆ ತಿರುಗಿಸಿ ಗದ್ದೆಗೆ ಕೊಡುವುದಕ್ಕೆಂದು ಮಾಡಿದ್ದು. ಕಟ್ಟೆಯ ಮೇಲಿಂದ ನೀರು ಉದ್ದಕ್ಕೂ ಪರದೆ ಹಾಸಿದಂತೆ ಇಳಿಯುವುದರಿಂದ ನೋಡಲು ಚೆಂದ. ಸಿನಿಮಾದವರೂ ಬಂದು ಹಾಡು ತೆಗೆದುಕೊಂಡು ಹೋದರು. ಎತ್ತರ ನೋಡಿದರೆ ಹೆದರಿಕೆಯಾಗುವಂಥದ್ದಲ್ಲ. ಮೋಸ ಇರುವುದೇ ಅಲ್ಲಿ.

ಎತ್ತರದ ಜಲಪಾತದ ಕೆಳಗೆ ಯಾರೂ ಇಳಿಯುವುದಿಲ್ಲ. ಗಿಡ್ಡ ಕಟ್ಟೆಯ ಕೆಳಗೆ ಎಲ್ಲರೂ ಇಳಿಯುತ್ತಾರೆ. ಕಟ್ಟೆಯಿಂದ ಬಿದ್ದ ನೀರು ಬುಡದಲ್ಲಿ ಮಗುಚಿ ಮತ್ತೆ ಕಟ್ಟೆಯ ಕಡೆಗೇ ಎಳೆಯುತ್ತದೆ. ಮೇಲೆ ನೊರೆ, ಕೆಳಗೆ ಉರುಳುವ ನೀರು. ಅದರೊಳಕ್ಕೆ ಸಿಕ್ಕವನು ಎಷ್ಟು ಕೈ ಬೀಸಿದರೂ ಮುಂದಕ್ಕೆ ಬರಲಾರ. ಬಂಡೆಗಳಿಗೆ ಪಾಚಿ ಹಿಡಿದಿರುತ್ತದೆ. ಫೋಟೋಗೆಂದು ಒಂದು ಹೆಜ್ಜೆ ಹಿಂದೆ ಇಟ್ಟವನು ಜಾರಿ ಹೋಗುತ್ತಾನೆ. ಮೊಣಕಾಲುದ್ದ ನೀರಿನಲ್ಲಿ ನಡೆಯುತ್ತಿದ್ದವನಿಗೆ ಮುಂದಿನ ಹೆಜ್ಜೆಯಲ್ಲಿ ಆಳಾಳುದ್ದ ಗುಂಡಿ ಸಿಕ್ಕೀತು. ಮರಳು ತೆಗೆದ ಕಡೆಯಂತೂ ಹೊಳೆಯ ತಳ ನಿನ್ನೆ ಇದ್ದಂತೆ ಇಂದು ಇರುವುದಿಲ್ಲ.

ಇನ್ನೊಂದು ವಿಷಯ ಹುಡುಗರಿಗೆ ಹೊಳೆಯುವುದೇ ಇಲ್ಲ. ಬೇಸಿಗೆಯ ಕಾವೇರಿ ತಾನಾಗಿ ಹರಿಯುವ ಹೊಳೆಯಲ್ಲ, ಅಣೆಕಟ್ಟೆಯಿಂದ ಬಿಟ್ಟಷ್ಟು ಹರಿಯುವ ಹೊಳೆ. 1974ರಿಂದ ಬೆಂಗಳೂರಿನ ನಲ್ಲಿಗಳಿಗೆ ಹೋಗುತ್ತಿರುವ ಕಾವೇರಿ ನೀರು ಶಿವನಸಮುದ್ರದ ಕಡೆಗೆ ಇದೇ ಪಾತ್ರದಲ್ಲೇ ಹರಿದು ಹೋಗಬೇಕು. ಎಷ್ಟು ಬಿಡುತ್ತಾರೋ ಅಷ್ಟು ಏರುತ್ತದೆ. ಮಳೆ ಇಲ್ಲ, ಮೋಡ ಇಲ್ಲ, ಆಕಾಶ ತಿಳಿಯಾಗಿದೆ. ಹತ್ತು ಗಂಟೆಗೆ ದಾಟಿ ಹೋದ ಬಂಡೆಗೆ ಮಧ್ಯಾಹ್ನ ವಾಪಸು ಬರುವಾಗ ನೀರು ಸುತ್ತಿಕೊಂಡಿರುತ್ತದೆ. ಅಪಾಯ ಎಂಬ ಬೋರ್ಡು ಇದ್ದರೆ ಅದು ಅಂಗಿ ನೇತುಹಾಕುವುದಕ್ಕೆ!

"ನಂಗೆ ಈಜು ಬತ್ತದೆ ಮಗಾ." ಈ ಮಾತಿನಷ್ಟು ಕೆಟ್ಟ ಮಾತು ಹೊಳೆಯ ದಡದಲ್ಲಿ ಇನ್ನೊಂದಿಲ್ಲ. ಹಿಂದೆ ಹಳ್ಳಿ ಹುಡುಗರು ಬಾವಿಯಲ್ಲಿ ಈಜು ಕಲಿಯುತ್ತಿದ್ದರು. ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬಾಳೆದಿಂಡನ್ನೋ ಕಟ್ಟಿ, ಸೊಂಟಕ್ಕೆ ಹಗ್ಗ ಬಿಗಿದು, ಮೇಲೆ ಮಾವನೋ ದೊಡ್ಡಪ್ಪನೋ ಹಗ್ಗದ ಇನ್ನೊಂದು ತುದಿ ಹಿಡಿದು ನಿಲ್ಲುತ್ತಿದ್ದ. ಕೊಳವೆ ಬಾವಿ ಬಂದವು, ತೆರೆದ ಬಾವಿ ಬತ್ತಿದವು, ಕೆಲವು ಕಸದ ಗುಂಡಿಯಾದವು. ಹಗ್ಗ ಹಿಡಿಯುವ ಮಾವನೂ ಪೇಟೆಗೆ ಕೂಲಿಗೆ ಬಂದ. ಪೇಟೆಯ ಹುಡುಗ ಈಜು ಎಂದು ಕಲಿತಿದ್ದರೆ ನಿಂತ ನೀರಿನ ಕೊಳದಲ್ಲಿ, ಅಥವಾ ಗೆಳೆಯ ಕೈಕಾಲು ಆಡಿಸಿದ್ದನ್ನು ನೋಡಿ. ಹರಿಯುವ ನೀರು ಬೇರೆ ಪಾಠ.

ಈಜು ಬಲ್ಲವನೂ ಮುಳುಗುತ್ತಾನೆ, ಅದು ಹೀಗೆ. ಒಬ್ಬ ಜಾರುತ್ತಾನೆ. ಮುಳುಗುವವನು ಕೂಗುತ್ತಾನೆ ಎಂಬುದು ಸಿನಿಮಾದ ಮಾತು. ಉಸಿರಿಗೇ ಬಾಯಿ ಸಾಲದಿರುವಾಗ ಕೂಗುವುದೆಲ್ಲಿ ಬಂತು? ಸದ್ದಿಲ್ಲದೆ, ತಲೆ ಹಿಂದಕ್ಕೆ ವಾಲಿಸಿ, ಕೈಯಿಂದ ನೀರನ್ನು ಕೆಳಕ್ಕೆ ಅದುಮುತ್ತಾ ಒಂದು ನಿಮಿಷದೊಳಗೆ ಹೋಗಿಬಿಡುತ್ತಾನೆ. ದಡದವರು ಆಟ ಆಡುತ್ತಿದ್ದಾನೆ ಎಂದುಕೊಳ್ಳುತ್ತಾರೆ. ಗೊತ್ತಾದ ಕೂಡಲೇ ಪ್ರಾಣದ ಗೆಳೆಯ ಧುಮುಕುತ್ತಾನೆ. ಮುಳುಗುತ್ತಿರುವವನಿಗೆ ಗೆಳೆಯ, ಅಪರಿಚಿತ ಎಂಬ ಭೇದವಿಲ್ಲ. ಸಿಕ್ಕಿದ್ದನ್ನು ಏಣಿಯಂತೆ ಹತ್ತಲು ನೋಡುತ್ತಾನೆ. ಕತ್ತು ತಬ್ಬುತ್ತಾನೆ. ಇಬ್ಬರೂ ಕೆಳಕ್ಕೆ. ಮೂರನೆಯವನು ಇಬ್ಬರನ್ನೂ ಎಳೆಯಲು ಹೋಗುತ್ತಾನೆ. ಬೇಸಿಗೆ ಬೇಸಿಗೆಗೂ ಈ ಹೊಳೆಯ ದಡದ ಊರುಗಳಿಂದ ಬರುವ ಸುದ್ದಿಯಲ್ಲಿ ಸತ್ತವರು ಒಬ್ಬರಲ್ಲ, ಇಬ್ಬರು ಮೂವರು ಎಂದಿರುವುದಕ್ಕೆ ಕಾರಣ ಇದೇ. ಅವರನ್ನು ಕೊಲ್ಲುವುದು ಪುಂಡಾಟ ಎಂದು ಜನ ಬಯ್ಯುತ್ತಾರೆ. ಮೊದಲನೆಯವನ ವಿಷಯದಲ್ಲಿ ಅದು ನಿಜವಿದ್ದೀತು. ಎರಡನೆಯವನು ಸಾಯುವುದು ಸ್ನೇಹಕ್ಕೆ.

ಹಾಗಾದರೆ ದಡದಲ್ಲಿ ನಿಂತವನು ಏನು ಮಾಡಬೇಕು? ಹಗ್ಗ ಎಸೆಯಬೇಕು. ಹಗ್ಗವಿಲ್ಲದಿದ್ದರೆ ಪಂಚೆ, ಉದ್ದನೆಯ ಗಳ. ಬಿರಡೆ ಬಿಗಿದ ಖಾಲಿ ಪ್ಲಾಸ್ಟಿಕ್ ಕ್ಯಾನು ಒಬ್ಬ ಮನುಷ್ಯನ ತಲೆಯನ್ನು ನೀರಿನ ಮೇಲಿಡುತ್ತದೆ. ಗಾಳಿ ತುಂಬಿದ ಲಾರಿ ಟ್ಯೂಬು ಇಬ್ಬರಿಗಾದೀತು. ದಡದಲ್ಲಿ ಬೋರಲು ಮಲಗಿ ಗಳ ಚಾಚಿದರೆ ಎಳೆಯುವವನು ನೀರಿಗೆ ಬೀಳುವುದಿಲ್ಲ. ವಾರವಿಡೀ ಹಗ್ಗ ಅಳೆದು ಕೊಡುವ, ಕ್ಯಾನು ಪೇರಿಸುವ ನಮ್ಮ ಹುಡುಗ ಭಾನುವಾರ ಬರಿಗೈಯಲ್ಲಿ ಹೊಳೆಗೆ ಹೋಗುತ್ತಾನೆ. ಹತ್ತು ಮಾರು ಹಗ್ಗ, ಒಂದು ಹಳೇ ಕ್ಯಾನು ಬೈಕಿಗೆ ಕಟ್ಟಿಕೊಳ್ಳಲು ಯಜಮಾನರು ಬೇಡ ಎನ್ನಲಾರರು. ಕೇಳಿದರೆ ತಾನೇ?

ಮೇಲೆ ಎತ್ತಿದ ಮೇಲೆ ಮಾಡುವ ತಪ್ಪೂ ಇದೆ. ತಲೆಕೆಳಗೆ ಮಾಡಿ ತಿರುಗಿಸುವುದು, ಹೊಟ್ಟೆ ಅದುಮಿ ನೀರು ಕಕ್ಕಿಸುವುದು ಹಳೆಯ ವಾಡಿಕೆ. ಅದರಲ್ಲಿ ಹೊತ್ತು ಹೋಗುತ್ತದೆ. ಉಸಿರು ನಿಂತು ನಾಲ್ಕೈದು ನಿಮಿಷವಾದರೆ ಮಿದುಳು ಕೆಡಲು ಶುರು. ಹೊಟ್ಟೆ ಬಿಟ್ಟು, ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆಯ ನಡುವೆ ಎರಡು ಕೈ ಇಟ್ಟು ಜೋರಾಗಿ ಒತ್ತುತ್ತಿರಬೇಕು. ಇನ್ನೊಬ್ಬ ಆ ಹೊತ್ತಿಗೆ 108ಕ್ಕೋ 112ಕ್ಕೋ ಫೋನು ಮಾಡಿರಬೇಕು. ಐವರಲ್ಲಿ ಐವರ ಕೈಯಲ್ಲೂ ಫೋನಿದೆ; ಬಹುತೇಕ ಅದು ವಿಡಿಯೋ ಹಿಡಿಯುತ್ತಿರುತ್ತದೆ.

ಸರಸ್ವತಿಪುರಂನಲ್ಲಿ ವಿಶ್ವವಿದ್ಯಾನಿಲಯದ ಈಜುಕೊಳವಿದೆ. ನಜರ್‌ಬಾದಿನ ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲೂ ಇದೆ. ಬೇಸಿಗೆ ಶಿಬಿರಕ್ಕೆ ಅಪ್ಪ ಅಮ್ಮ ಸ್ಕೂಟರಿನಲ್ಲಿ ಮಕ್ಕಳನ್ನು ಕರೆತರುತ್ತಾರೆ. ಅಂಗಡಿ ಹುಡುಗನನ್ನು ಕರೆತರುವವರಿಲ್ಲ. ಬೆಳಿಗ್ಗೆ ಒಂದು ತಿಂಗಳು, ಷಟರ್ ಎತ್ತುವ ಹೊತ್ತಿಗೆ ಅರ್ಧ ಗಂಟೆ ತಡವಾದರೂ ಸರಿ ಎಂದು ಯಜಮಾನರು ಒಪ್ಪಿ, ಫೀಜಿಗೆ ಸಂಬಳದ ಮುಂಗಡ ಕೊಟ್ಟರೆ ಇವನೂ ಕಲಿತಾನು. ಎಷ್ಟೋ ಅಂಗಡಿಯವರು ಹುಡುಗರ ಮದುವೆಗೆ ಸಾಲ ಕೊಟ್ಟಿದ್ದಾರೆ, ಆಸ್ಪತ್ರೆಗೆ ಕೊಟ್ಟಿದ್ದಾರೆ. ಈಜಿಗೆ ಕೊಟ್ಟರೆಂದು ಯಾರೂ ನಗುವುದಿಲ್ಲ.

ಹೊಳೆಗೇ ಹೋಗಬೇಡಿ ಎಂದು ಹೇಳುವುದು ಸುಲಭ. ಕೇಳುವವರು ಯಾರು? ಮೂರು ವಾರ ತಗಡಿನ ಕೆಳಗೆ ಬೆಂದ ಹುಡುಗನಿಗೆ ಆ ತಣ್ಣನೆಯ ನೀರಿನಲ್ಲಿ ಕತ್ತಿನವರೆಗೆ ಕೂತು, "ಸ್ವರ್ಗ ಕಣೋ" ಎನ್ನುವ ಒಂದು ಗಳಿಗೆ ಬೇಕೇ ಬೇಕು. ಕೂರಲಿ. ಕಟ್ಟೆಯ ಬುಡ ಬಿಟ್ಟು, ದಡದ ಕಡೆ, ಕಾಲಿಗೆ ತಳ ಸಿಗುವ ಕಡೆ ಕೂರಲಿ. ಬಾಟಲಿ ತಂದವರು ಮೊದಲು ಸ್ನಾನ ಮುಗಿಸಿ ಆಮೇಲೆ ಅದರ ವಿಚಾರ ಮಾಡಲಿ. ಅಲ್ಲೇ ಒಡೆದು ಹೋಗುವುದಂತೂ ಬೇಡ. ಮುಂದಿನ ವಾರ ಇವರದೇ ಕಾಲಿಗೆ ಚುಚ್ಚುವ ಗಾಜು ಅದು. ಮೀನು ಫ್ರೈಗೆ ಪಟ್ಟಿ ಹಾಕಿ ದುಡ್ಡು ಕೂಡಿಸಿ ತಿಂದು, ಒದ್ದೆ ಚಡ್ಡಿಯನ್ನು ಬೈಕಿನ ಹ್ಯಾಂಡಲಿಗೆ ಕಟ್ಟಿಕೊಂಡು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದರೆ ಅಮ್ಮನಿಗೂ ಸಮಾಧಾನ.

ಜೂನ್ ಕಳೆದರೆ ಈ ಆಟ ತಾನಾಗಿ ನಿಲ್ಲುತ್ತದೆ. ಕೊಡಗಿನಲ್ಲಿ ಮಳೆ ಹಿಡಿದು ಕನ್ನಂಬಾಡಿ 124.80 ಅಡಿಯ ಕಡೆ ಏರತೊಡಗಿ ಗೇಟು ಎತ್ತಿದರೆ, ಬಲಮುರಿಯ ಕಟ್ಟೆಯೇ ಕಾಣುವುದಿಲ್ಲ. ಜನರನ್ನು ಹತ್ತಿರ ಬಿಡುವುದೂ ಇಲ್ಲ. ಆಗ ಹುಡುಗರ ಮುಖ ಬೆಟ್ಟದ ಕಡೆ. ಆಷಾಢ ಶುಕ್ರವಾರ ಅಂಗಡಿಗೆ ರಜಾ ಇಲ್ಲ, ಆದ್ದರಿಂದ ಕೋಳಿ ಕೂಗುವ ಮೊದಲೇ ಪಾದದ ಬಳಿ ಸೇರುತ್ತಾರೆ. ದೊಡ್ಡದೇವರಾಜ ಒಡೆಯರ ಕಾಲದ ಸಾವಿರ ಮೆಟ್ಟಿಲು; ನಂದಿಯ ಹತ್ತಿರ ಬರುವಷ್ಟರಲ್ಲಿ ಪಿಯುಸಿಯವನು ಉಸ್ಸೆಂದು ಕೂತಿರುತ್ತಾನೆ, ಊಟ ಮುಟ್ಟಿಸುವವನು ಎರಡೆರಡು ಮೆಟ್ಟಿಲು ಹಾರುತ್ತಿರುತ್ತಾನೆ. ತಾಯಿಯ ದರ್ಶನ ಮುಗಿಸಿ ಇಳಿಯುವಾಗ ಮಾತ್ರ ಹಗ್ಗದಂಗಡಿಯವನೇ ಎಲ್ಲರಿಗಿಂತ ಮುಂದೆ. ಒಂಬತ್ತೂವರೆಗೆ ಷಟರ್ ಎತ್ತಬೇಕಲ್ಲ!